ಜಲ್ವಾದ ಕನ್ನಡಿ

“ಲೈಟು ಕ್ಯಾಮೆರಾದ ತಲೆ ಮ್ಯಾಲೇ ಐತೇನೇ? ನೆಟ್ಟಗೆ ಮಖಕ್ಕೆ ಬೀಳ್ತೈತಾ?” ಬಾಗಿಲ ಪರದೆಯ ಆಚೆಯಿಂದ ದಾದಾಪೀರ್ ಕೂಗಿ ಕೇಳಿದ.

“ನೆಟ್ಟಗೇ ಬೀಳ್ತೈತೆ. ಅದೇ ಆಗಿರೋದು ಪಜೀತಿ!” ಎಂದಳು ಅವನ ಹೆಂಡತಿ ನೂರ್ ಬೀ, ಪರದೆಯ ಈಚೆಯಿಂದ.

ಮೊಳಕಾಲ್ಮೂರಿನ ಆ ಹಳೇ ಮನೆಯ ನಡುಕೋಣೆಯಲ್ಲಿ ಹೆಂಗಸರು ಕಾಲಿಡಲು ಜಾಗವಿಲ್ಲದಂತೆ ಸೇರಿದ್ದರು. ನಡುವೆ ಹಾಸಿದ ಗಾದಿಯ ಮುಂದೆ ಮೊಳದುದ್ದದ ಕನ್ನಡಿ. ಮದುಮಗಳ ಜಾಗದಲ್ಲಿ ಪರೀಕ್ಷೆಗೆಂದು ಪಕ್ಕದ ಮನೆಯ ಸ್ವಪ್ನಳನ್ನು ಕೂರಿಸಿ, ನೂರ್ ಬೀ ಭುಜದ ಮೇಲೆ ಕ್ಯಾಮೆರಾ ಹೊತ್ತು ಅದರ ಕಿಂಡಿಗೆ ಕಣ್ಣಿಟ್ಟಿದ್ದಳು. ಬೆನ್ನ ಹಿಂದೆ ಸ್ಟ್ಯಾಂಡಿನ ಮೇಲಿದ್ದ ದೊಡ್ಡ ಲೈಟು ಕನ್ನಡಿಗೆ ಬಡಿದು ಸೀದಾ ಅವಳ ಕ್ಯಾಮೆರಾಕ್ಕೇ ವಾಪಸು ಬರುತ್ತಿತ್ತು. ಕಿಂಡಿಯೊಳಗೆ ಕಾಣುತ್ತಿದ್ದುದು ಒಂದು ಬಿಳೀ ಉಂಡೆ, ಅದರ ಸುತ್ತ ಕತ್ತಲು. ಸ್ವಪ್ನಳ ಮುಖ ರೊಟ್ಟಿ ಹಂಚಿನ ತಳದ ಬಣ್ಣಕ್ಕೆ ತಿರುಗಿತ್ತು.

“ಹಂಗಾದ್ರೆ ಕನ್ನಡಿ ಚೂರು ಆ ಕಡೆ ತಿರುಗ್ಸು,” ಎಂದಿತು ಪರದೆ.

“ಕನ್ನಡಿ ತಿರುಗ್ಸಿದ್ರೆ ಮದುಮಕ್ಕಳು ಮಖ ಎಲ್ಲಿ ನೋಡ್ಕಂತಾರೆ? ಗ್ವಾಡೆಯಾಗಾ?”

ಕೋಣೆ ಕೋಣೆಯೇ ನಕ್ಕಿತು. ನೂರ್ ಬೀಗೆ ನಗು ಬರಲಿಲ್ಲ. ಆಚೆ ಅಂಗಳದ ಶಾಮಿಯಾನದಲ್ಲಿ ನಿಕಾಹ್ ಮುಗಿದು ಖರ್ಜೂರ ಹಂಚುವ ಗದ್ದಲ ಕೇಳುತ್ತಿತ್ತು. ಇನ್ನೇನು ಮದುಮಗನನ್ನು ಒಳಗೆ ಕರೆತರುತ್ತಾರೆ, ಜಲ್ವಾ ಶುರುವಾಗುತ್ತದೆ. ಮದುಮಗಳ ಪಕ್ಕದಲ್ಲಿ ಅವನನ್ನು ಕೂರಿಸಿ, ಇಬ್ಬರ ತಲೆಯ ಮೇಲೂ ಕೆಂಪು ಶಾಲು ಹಿಡಿದು, ಮುಂದೆ ಕನ್ನಡಿ ಇಡುವುದು. ಅವನು ಅವಳನ್ನು, ಅವಳು ಅವನನ್ನು ಮೊದಲ ಸಲ ಕಣ್ತುಂಬ ನೋಡುವುದು ಆ ಕನ್ನಡಿಯೊಳಗೆ. ಅದಾದ ಮೇಲೆ ಹುಡುಗಿ ಬುರ್ಖಾ ತೊಟ್ಟು ಗಂಡನ ಮನೆಗೆ ಹೊರಟೇಬಿಡುತ್ತಾಳೆ. ಜಲ್ವಾ ತಪ್ಪಿಹೋಯಿತು, ಇನ್ನೊಮ್ಮೆ ಮಾಡಿ ಎಂದು ಕೇಳುವುದಕ್ಕೆ ಅದೇನು ಶಾಲೆಯ ನಾಟಕವೇ?

ಆ ಪರದೆ ದಾಟಿ ಒಳಗೆ ಬರುವ ಹಾಗಿದ್ದರೆ ದಾದಾಪೀರ್ ಎಂದೋ ಬಂದು ಹೆಂಡತಿಯ ಕೈಯಿಂದ ಕ್ಯಾಮೆರಾ ಕಸಿದುಕೊಳ್ಳುತ್ತಿದ್ದ. ಚಳ್ಳಕೆರೆ ಬಸ್ ಸ್ಟ್ಯಾಂಡಿನ ಹತ್ತಿರ ಅವನದು ವಿಡಿಯೋ ಅಂಗಡಿ. ಮೊದಲು ರೇಡಿಯೋ ರಿಪೇರಿ ಮಾಡುತ್ತಿದ್ದವನು, ರೇಡಿಯೋ ಕೇಳುವವರು ಕಡಿಮೆಯಾದ ಮೇಲೆ ಕ್ಯಾಮೆರಾ ಕೊಂಡ. ಮದುವೆ ಮದುವೆಗೂ ನೂರ್ ಬೀ ಅವನ ಜೊತೆ ಹೋಗಿ ಲೈಟು ಹಿಡಿದು ನಿಲ್ಲುತ್ತಿದ್ದಳು. ಲೈಟಿನ ವಿಷಯದಲ್ಲಿ ದಾದಾಪೀರನದು ಒಂದೇ ಶಾಸ್ತ್ರ: ಕ್ಯಾಮೆರಾದ ತಲೆ ಮೇಲಿಂದ ನೆಟ್ಟಗೆ ಮುಖಕ್ಕೆ ಹೊಡಿ, ಮುಖ ಬೆಳ್ಳಗೆ ಬರಲಿ, ಬೀಗರು ಖುಷಿಯಾಗಲಿ. ಆ ಸೀಮೆಯಲ್ಲಿ ಹುಟ್ಟಿದವರೆಲ್ಲ ಅವನ ಕ್ಯಾಸೆಟ್ಟಿನಲ್ಲಿ ಸುಣ್ಣ ಬಳಿದ ಹಾಗೆ ಕಾಣುತ್ತಿದ್ದರು, ಯಾರೂ ಬೇಡವೆನ್ನಲಿಲ್ಲ.

ಆದರೆ ತಮ್ಮ ಜನದ ಮದುವೆಗಳಲ್ಲಿ ಹೆಂಗಸರ ಕೋಣೆಗೆ ಅವನಿಗೆ ಪ್ರವೇಶವಿರಲಿಲ್ಲ. ಹಾಗಾಗಿ ಕ್ಯಾಸೆಟ್ಟಿನ ತುಂಬ ಗಂಡಸರ ಊಟ, ಗಂಡಸರ ಅಪ್ಪುಗೆ, ಮತ್ತೆ ಗಂಡಸರ ಊಟ. “ನಮ್ಮ ಮದುವೆ ವಿಡಿಯೋ ಹಾಕಿದ್ರೆ ಬರೀ ಗಡ್ಡ ಕಾಣ್ತಾವೆ ನೋಡ್ರಿ ಆಪಾ,” ಎಂದು ಹುಡುಗಿಯರು ನೂರ್ ಬೀ ಹತ್ತಿರ ದೂರುತ್ತಿದ್ದರು.

ಈ ಮನೆಯ ಇಫ್ತಿಕಾರ್ ದೂರದ ಕೊಲ್ಲಿ ದೇಶದ ದಮ್ಮಾಮಿನಲ್ಲಿ ಮೆಕ್ಯಾನಿಕ್ಕು. ಮಗಳು ಮುಸ್ಕಾನ್ ಮದುವೆಗೆ ಅವನಿಗೆ ರಜೆ ಸಿಗಲಿಲ್ಲ. ಫೋನಿನಲ್ಲಿ ತಾಯಿಯ ಹತ್ತಿರ, “ಅಮ್ಮಾ, ನನ್ನ ಮಗಳು ಮದುಮಗಳಾದ ಮಖ ನಾನು ನೋಡ್ಬೇಕು. ಹೆಂಗಾರ ಮಾಡಿ ವಿಡಿಯೋದಾಗೆ ತೋರ್ಸು,” ಎಂದು ಅತ್ತಿದ್ದನಂತೆ. ಹೆಂಗಸರ ಕೋಣೆಗೆ ಟಾರ್ಚು ಸಹ ಬಿಡದಿದ್ದ ಆ ತಾಯಿ, ಮನೆಯವರೆಲ್ಲ ದಾದಿಮಾ ಎನ್ನುವ ಮುದುಕಿ, ಕರಗಿದ್ದು ಆಗ. ಚಳ್ಳಕೆರೆಗೆ ತಾನೇ ಬಸ್ಸಿನಲ್ಲಿ ಬಂದು, ಅಂಗಡಿಯ ಮುಂದೆ ನಿಂತೇ ಷರತ್ತು ಹಾಕಿದ್ದಳು.

“ಹೆಂಗಸು ತೆಗೀಬೇಕು. ಹೆಂಗಸೇ ಕಾಪಿ ಮಾಡ್ಬೇಕು. ನಮ್ಮ ಮನೆಯವರನ್ನ ಬಿಟ್ಟು ಹೊರಗಿನ ಗಂಡಸು ಒಬ್ಬನೂ ಆ ಕ್ಯಾಸೆಟ್ ನೋಡಂಗಿಲ್ಲ. ನಿನ್ನ ಗಂಡನ್ನೂ ಸೇರ್ಸಿ ಹೇಳ್ತಾ ಇದೀನಿ.”

“ನೋಡಲ್ಲ ದಾದಿಮಾ. ಮಾತು ಕೊಟ್ಟೆ,” ಎಂದಿದ್ದ ದಾದಾಪೀರ್. ಆ ಮೇಲೆ ಹೆಂಡತಿಗೆ ಮನೆಯಲ್ಲೇ ಪಾಠ ಶುರುಮಾಡಿದ. ಕುಂಬಳಕಾಯಿಗೆ ದುಪಟ್ಟಾ ಹೊದಿಸಿ ಕುರ್ಚಿಯ ಮೇಲೆ ಕೂರಿಸಿ, ಅದೇ ಮದುಮಗಳು ಎಂದು ತೆಗೆಸಿದ. ಕುಂಬಳಕಾಯಿ ಚೆನ್ನಾಗಿಯೇ ಬಂತು. ನೂರ್ ಬೀಗೆ ನೆಲದ ಮೇಲೆ ಕಾಲು ನಿಲ್ಲಲಿಲ್ಲ. ಬೇರೆಯವರಿಗೆ ಬೆಳಕು ಹಿಡಿದೂ ಹಿಡಿದೂ ತೋಳು ಸೋತವಳು ಕಡೆಗೂ ತಾನೇ ಕಿಂಡಿಗೆ ಕಣ್ಣಿಡುವ ಕಾಲ ಬಂತಲ್ಲ ಎಂದು ಒಬ್ಬಳೇ ಅಡುಗೆಮನೆಯಲ್ಲಿ ನಕ್ಕಿದ್ದಳು.

ನಿನ್ನೆ ಹಲ್ದಿಯ ಹೊತ್ತಿಗೆ ಆ ನಗುವೆಲ್ಲ ಇಳಿದುಹೋಯಿತು. ಬೆಳಕು ಚೆನ್ನಾಗಿದೆಯೆಂದು ಮುಸ್ಕಾನ್‌ಳನ್ನು ಕಿಟಕಿಗೆ ಬೆನ್ನು ಮಾಡಿ ಕೂರಿಸಿ ಅರಿಶಿನ ಹಚ್ಚುವುದನ್ನೆಲ್ಲ ತೆಗೆದಿದ್ದಳು. ಸಂಜೆ ಮನೆಯ ಟೀವಿಗೆ ಹಾಕಿ ನೋಡಿದರೆ ಕಿಟಕಿ ಫಳಫಳ ಹೊಳೆಯುತ್ತಿದೆ, ಅದರ ಮುಂದೆ ಕೂತವಳು ಯಾರೆಂದು ಹೆತ್ತ ತಾಯಿಗೂ ಗುರುತು ಸಿಗುವಂತಿಲ್ಲ.

“ತೌಬಾ! ನನ್ನ ಮೊಮ್ಮಗಳಿಗೆ ಅರಿಶಿನ ಹಚ್ಚಿದ್ದಾ ಇದ್ದಿಲು ಹಚ್ಚಿದ್ದಾ?” ಎಂದಿದ್ದಳು ದಾದಿಮಾ. ಮುಸ್ಕಾನ್‌ಳ ತಾಯಿ ಜಬೀನ್ ಬೈಯಲಿಲ್ಲ. “ನಾಳೆ ಜಲ್ವಾ ಒಂದಾದ್ರೂ ಚೆನ್ನಾಗಿ ಬರ್ಲಿ ನೂರಾ. ಅವರ ಅಪ್ಪ ನೋಡೋದು ಅದೊಂದೇ,” ಎಂದು ಮೆಲ್ಲಗೆ ಹೇಳಿ ಒಳಗೆ ಹೋಗಿದ್ದಳು. ಬೈದಿದ್ದರೇ ಚೆನ್ನಾಗಿತ್ತು. ಆ ಮಾತು ನೂರ್ ಬೀಯ ಎದೆಯಲ್ಲಿ ಬೆಳಗಿನತನಕ ಕೂತಿತ್ತು.

ಈಗ ನೋಡಿದರೆ ಈ ಕನ್ನಡಿ.

“ಏನ್ರೀ, ಬೇಗ ಹೇಳ್ರಿ. ಮದುಮಗ ಬರೋ ಹೊತ್ತಾತು,” ಎಂದಳು ಪರದೆಯ ಹತ್ತಿರ ಹೋಗಿ.

“ಲೈಟು ಇನ್ನೂ ಮುಂದಕ್ಕೆ ಇಟ್ರೂ ಆಗ್ಬಹುದು. ಹಿಂದಕ್ಕೆ ಇಟ್ರೂ ಆಗ್ಬಹುದು. ನೋಡಿ ಮಾಡು,” ಎಂದ ದಾದಾಪೀರ್.

“ಅಬ್ಬೋ! ಅಡ್ಡಗ್ವಾಡೆ ಮ್ಯಾಲೆ ದೀಪ ಇಟ್ಟಂಗೆ ಮಾತಾಡ್ತಾನಲ್ಲಮ್ಮ ನಿನ್ನ ಗಂಡ,” ಎಂದಳು ಮೂಲೆಯಲ್ಲಿ ಎಲೆಯಡಿಕೆ ಜಗಿಯುತ್ತಿದ್ದ ಮೂಗಮ್ಮ. ದೇವಸಮುದ್ರದ ಕಡೆಯ ಕುರಿ ಸಾಕುವ ಮನೆಯವಳು. ಈ ಮನೆಗೆ ಬೆಣ್ಣೆ ಹಾಕಿ ಹಾಕಿ ನೆಂಟಳೇ ಆಗಿಬಿಟ್ಟಿದ್ದಳು. ಈ ಮದುವೆ ಮನೆಯಲ್ಲಿ ಉರ್ದು, ಕನ್ನಡ, ತೆಲುಗು ಮೂರೂ ಒಂದೇ ತಟ್ಟೆಯಲ್ಲಿ ಉಣ್ಣುತ್ತಿದ್ದವು. ಮೂಗಮ್ಮ ಮೂರರಲ್ಲೂ ತಮಾಷೆ ಮಾಡಬಲ್ಲವಳು.

ದಾದಾಪೀರನ ಕಂಠ ತಗ್ಗಿತು. ಪರದೆಗೆ ಬಾಯಿ ಹತ್ತಿರ ತಂದು ಹೇಳಿದ: “ನಾನು ಎಂದಾದ್ರೂ ಜಲ್ವಾ ತೆಗ್ದೀನೇನೇ ನೂರಾ? ನಮ್ಮದು ಬಿಟ್ರೆ ಇನ್ನೊಂದು ಜಲ್ವಾ ಕಣ್ಣಾಗೆ ಕಂಡಿಲ್ಲ. ನನಗೆ ಗೊತ್ತಿಲ್ಲ ಕಣೇ.”

ಮದುವೆಯಾದಂದಿನಿಂದ ಅವನ ಬಾಯಲ್ಲಿ ಗೊತ್ತಿಲ್ಲ ಎಂಬ ಮಾತನ್ನು ನೂರ್ ಬೀ ಕೇಳಿರಲಿಲ್ಲ. ತನಗೆ ಹೇಳಿಕೊಡುವವರು ಈಗ ಚಳ್ಳಕೆರೆಯಲ್ಲೂ ಇಲ್ಲ, ಮೊಳಕಾಲ್ಮೂರಿನಲ್ಲೂ ಇಲ್ಲ. ಈ ಸೀಮೆಯಲ್ಲಿ ಜಲ್ವಾ ತೆಗೆದ ಗಂಡಸೂ ಇಲ್ಲ, ಕ್ಯಾಮೆರಾ ಹಿಡಿದ ಹೆಂಗಸೂ ಇಲ್ಲ.

ಅವಳು ಗಾದಿಯ ಅಂಚಿನಲ್ಲಿ ಕುಳಿತು ಲೈಟನ್ನೇ ನೋಡಿದಳು. ಆ ಲೈಟು ಅವಳಿಗೆ ಹಳೇ ಪರಿಚಯ. ಅದರ ಬಿಸಿ, ಅದರ ಭಾರ, ಎಲ್ಲಿಗೆ ಬಾಗಿದರೆ ಎಲ್ಲಿ ನೆರಳು ಎನ್ನುವುದು ತೋಳಿಗೆ ಗೊತ್ತು. ರಾಂಪುರದ ಒಂದು ಮದುವೆಯಲ್ಲಿ ತೋಳು ಸೋತು ಜೋಮು ಹಿಡಿದು, ಲೈಟು ತಾನಾಗಿ ಪಕ್ಕದ ಸುಣ್ಣದ ಗೋಡೆಗೆ ತಿರುಗಿಬಿಟ್ಟಿತ್ತು. “ನಿದ್ದೆ ಮಾಡ್ತೀಯೇನೇ?” ಎಂದು ದಾದಾಪೀರ್ ಎಲ್ಲರೆದುರು ಗದರಿದ್ದ. ಆದರೆ ಆಮೇಲೆ ಕ್ಯಾಸೆಟ್ ನೋಡುವಾಗ ಆ ತುಣುಕು ಬಂದಾಗ ನೂರ್ ಬೀ ಅಡುಗೆ ಬಿಟ್ಟು ನೋಡಿದ್ದಳು. ಗೋಡೆಗೆ ಬಡಿದು ಬಂದ ಬೆಳಕಿನಲ್ಲಿ ಆ ಹುಡುಗಿಯ ಮುಖ ಸುಣ್ಣ ಬಳಿದ ಹಾಗಿರಲಿಲ್ಲ. ಕೆನ್ನೆ ಕೆನ್ನೆಯ ಹಾಗಿತ್ತು. ತಪ್ಪು ತನ್ನದಾದ್ದರಿಂದ ಆಗ ಬಾಯಿ ಬಿಟ್ಟಿರಲಿಲ್ಲ.

ಈ ಕೋಣೆಯ ಗೋಡೆಗೆ ಹಸಿರು ಬಣ್ಣ. ಹಸಿರು ಗೋಡೆಗೆ ಹೊಡೆದರೆ ಮದುಮಗಳು ಕಾಮಾಲೆ ರೋಗಿಯಾದಾಳು.

“ಜಬೀನ್ ಆಪಾ, ಹಾಸಿಗೆ ಮ್ಯಾಲೆ ಹಾಸೋ ಬಿಳೀ ದುಪ್ಪಟಿ ಒಂದು ಕೊಡ್ರಿ. ಹೂವು ಗೀವು ಏನೂ ಇರ್ಬಾರ್ದು, ಅಪ್ಪಟ ಬಿಳೀದು.”

“ಮದುವೆ ಮನೆಯಾಗೆ ಬರೀ ಬಿಳೀದಾ?” ಎಂದು ದಾದಿಮಾ ಹುಬ್ಬು ಗಂಟಿಕ್ಕಿದಳು.

“ಹಾಸಾಕಲ್ಲ ದಾದಿಮಾ, ಬೆಳಕು ಹಿಡಿಯಾಕೆ.”

ಪೆಟ್ಟಿಗೆಯ ತಳದಿಂದ ಒಂದು ಬಂತು. ಅದನ್ನು ಗಾದಿಯ ಎಡ ಮುಂಭಾಗದಲ್ಲಿ ಮೂಗಮ್ಮ ಒಂದು ತುದಿ, ಸ್ವಪ್ನ ಒಂದು ತುದಿ ಹಿಡಿದು ನಿಂತರು. “ಮದುವೆ ಊಟಕ್ಕೆ ಅಂತ ಬಂದು ಬಟ್ಟೆ ಒಣಗಾಕೋ ಗೂಟ ಆದೆನಲ್ಲಪ್ಪೋ,” ಎಂದು ಮೂಗಮ್ಮ ಕೈ ಎತ್ತಿದಳು. ನೂರ್ ಬೀ ಸ್ಟ್ಯಾಂಡು ಎಳೆದು ಲೈಟಿನ ಮೂತಿಯನ್ನು ಮದುಮಕ್ಕಳ ಜಾಗದಿಂದ ಪೂರಾ ತಿರುಗಿಸಿ ದುಪ್ಪಟಿಯ ಕಡೆ ಮಾಡಿದಳು. ತಾನು ಬಲಕ್ಕೆ ಸರಿದು, ಕನ್ನಡಿಗೆ ಓರೆಯಾಗಿ ಮಂಡಿಯೂರಿದಳು. ಕಿಟಕಿಯ ಕದ ಹಾಕಿಸಿದಳು. ಕಿಂಡಿಗೆ ಕಣ್ಣಿಡುವಷ್ಟರಲ್ಲಿ “ದೂಲ್ಹಾ ಬಂದ, ದೂಲ್ಹಾ ಬಂದ” ಎಂಬ ಕೂಗೆದ್ದಿತು. ಪರೀಕ್ಷೆ ಮಾಡಲು ಹೊತ್ತೇ ಉಳಿಯಲಿಲ್ಲ.

ಮದುಮಗ ಸುಫಿಯಾನ್ ಮುಖದ ಮೇಲೆ ಹೂವಿನ ಸೆಹರಾ ಇಳಿಬಿಟ್ಟುಕೊಂಡು, ಮುಗ್ಗರಿಸುತ್ತ, ನಗುವ ಹೆಂಗಸರ ನಡುವೆ ದಾರಿ ಕೇಳಿಕೊಂಡು ಬಂದು ಕುಳಿತ. ಮುಸ್ಕಾನ್‌ಳನ್ನು ಇಬ್ಬರು ಹಿಡಿದು ತಂದು ಪಕ್ಕದಲ್ಲಿ ಕೂರಿಸಿದರು. ಮೊಳಕಾಲ್ಮೂರಿನ ಕೆಂಪು ರೇಷ್ಮೆ ಸೀರೆಯನ್ನು ದಾದಿಮಾ ಹಟ ಹಿಡಿದು ಉಡಿಸಿದ್ದಳು. ಮುಂದೆ ಮರದ ಮಡಚು ಪೀಠ ರೆಹಲಿನ ಮೇಲೆ ಕುರಾನು ಇಟ್ಟರು, ಕನ್ನಡಿ ಇಟ್ಟರು. ತಲೆಗಳ ಮೇಲೆ ಶಾಲು ಬಂತು.

“ಈ ಕಡೆ ಅಂಚು ಚೂರು ಮ್ಯಾಲಕ್ಕೆ ಎತ್ರಿ,” ಎಂದಳು ನೂರ್ ಬೀ. ಎತ್ತಿದರು.

“ಲೈಟು ಯಾಕೆ ಆ ಕಡೆ ತಿರುಗೈತೆ? ಕೋಣೆಯೆಲ್ಲ ಕತ್ತಲು ಕತ್ತಲು!” ಎಂದು ಹಿಂದಿನಿಂದ ಯಾರೋ ಕೂಗಿದರು. ಪರದೆಯ ಕೆಳಗಿನ ಸಂದಿಯಲ್ಲಿ ಬೆಳಕು ಕಮ್ಮಿಯಾದದ್ದು ಆಚೆ ದಾದಾಪೀರನಿಗೂ ಕಂಡಿರಬೇಕು. “ನೂರಾ, ಫ್ಯೂಸ್ ಹೋಯ್ತೇನೇ? ಲೈಟು ಮಖಕ್ಕೆ ಹಿಡಿ! ಮಖಕ್ಕೆ!” ಎಂದು ಕೂಗತೊಡಗಿದ.

ನೂರ್ ಬೀ ಸ್ಟ್ಯಾಂಡಿನ ಕಡೆ ಒಮ್ಮೆ ನೋಡಿದಳು. ಈಗಲೂ ಲೈಟು ತಿರುಗಿಸಿ ಹಳೇ ಶಾಸ್ತ್ರಕ್ಕೆ ಹೋದರೆ ತಪ್ಪು ಅವನದಾಗುತ್ತದೆ, ಹೀಗೇ ಬಿಟ್ಟರೆ ತನ್ನದು. ತಪ್ಪು ಯಾರದಾದರೇನು, ದಮ್ಮಾಮಿನಲ್ಲಿ ಕೂತವನಿಗೆ ಬೇಕಾದ್ದು ಮಗಳ ಮುಖ. ಗಂಡ ಕರೆದಾಗ ಓಗೊಡದೆ ಇದ್ದದ್ದು ಅವಳ ಸಂಸಾರದಲ್ಲಿ ಅದೇ ಮೊದಲು. ಅವಳು ಕೆಂಪು ಗುಂಡಿ ಒತ್ತಿ, ಉಸಿರು ಹಿಡಿದು ಕಿಂಡಿಯೊಳಗೆ ನೋಡಿದಳು.

ಕಿಂಡಿಯಲ್ಲಿ ಬಣ್ಣ ಕಾಣುವುದಿಲ್ಲ, ಎಲ್ಲ ಕಪ್ಪು ಬಿಳುಪು, ಬೆರಳುಗುರಿನಷ್ಟು ಚಿತ್ರ. ಆ ಚಿತ್ರದೊಳಗೆ ಕನ್ನಡಿ, ಕನ್ನಡಿಯೊಳಗೆ ಎರಡು ಮುಖ. ಬಿಳೀ ಉಂಡೆ ಇರಲಿಲ್ಲ. ದುಪ್ಪಟಿಗೆ ಬಡಿದ ಬೆಳಕು ಮೆತ್ತಗಾಗಿ ಶಾಲಿನ ಒಳಗೆ ಇಳಿದಿತ್ತು. ಸುಫಿಯಾನ್ ಸೆಹರಾ ಸರಿಸಿದ. ಮುಸ್ಕಾನ್ ತಲೆ ಎತ್ತಲಿಲ್ಲ. ಹೆಂಗಸರು ಹಾಡು ಎತ್ತಿಕೊಂಡರು, “ನೋಡೇ ಹುಡುಗೀ, ಓಡಿಹೋಗ್ತಾನೆ!” ಎಂದು ಮೂಗಮ್ಮ ದುಪ್ಪಟಿಯ ಹಿಂದಿನಿಂದಲೇ ಗದರಿದಳು. ಮುಸ್ಕಾನ್‌ಗೆ ನಗು ತಡೆಯಲಾಗಲಿಲ್ಲ. ಕಣ್ಣು ಎತ್ತಿ ಕನ್ನಡಿಯಲ್ಲಿ ಅವನನ್ನು ನೋಡಿದಳು. ಅವನು ಪಾಪ, ಬಾಯಿ ತೆರೆದುಕೊಂಡು ಕೂತಿದ್ದ.

“ಏನ್ ಕಾಣ್ತು ಹೇಳಪ್ಪ ದೂಲ್ಹಾ?” ಎಂದು ಯಾರೋ ಕೇಳಿದರು.

“ಚಂದ್ರ,” ಎಂದ ಸುಫಿಯಾನ್, ಮನೆಯಲ್ಲಿ ಹೇಳಿಕೊಟ್ಟು ಕಳಿಸಿದ್ದನ್ನು ಒಪ್ಪಿಸುವವನಂತೆ. ಕೋಣೆ ಮತ್ತೆ ನಕ್ಕಿತು.

ಆಗ ಮುಸ್ಕಾನ್‌ಳ ಕಣ್ಣು ಕನ್ನಡಿಯಲ್ಲೇ ಸ್ವಲ್ಪ ಸರಿಯಿತು. ಗಂಡನನ್ನು ದಾಟಿ, ಓರೆಯಲ್ಲಿ ಮಂಡಿಯೂರಿದ್ದ ಕ್ಯಾಮೆರಾದ ಕಣ್ಣಿಗೆ ಬಂದು ನಿಂತಿತು. ನೂರ್ ಬೀಗೆ ಹುಡುಗಿ ತನ್ನನ್ನೇ ನೋಡಿದಂತಾಯಿತು. ಅವಳು ನೋಡುತ್ತಿದ್ದುದು ತನ್ನನ್ನಲ್ಲ. ತುಟಿ ಅಲುಗಿದಷ್ಟೇ ಸದ್ದಿನಲ್ಲಿ, “ಅಸ್ಸಲಾಮು ಅಲೈಕುಂ, ಅಬ್ಬಾ,” ಎಂದಳು ಮುಸ್ಕಾನ್. ಶಾಲು ಹಿಡಿದಿದ್ದ ಜಬೀನ್ ಮುಖ ತಿರುಗಿಸಿಕೊಂಡಳು. ನೂರ್ ಬೀಗೆ ಅಳು ಒತ್ತರಿಸಿ ಬಂತು. ಅತ್ತರೆ ಭುಜ ಅಲುಗುತ್ತದೆ, ಭುಜ ಅಲುಗಿದರೆ ಚಿತ್ರ ಅಲುಗುತ್ತದೆ ಎಂದು ಹಲ್ಲು ಕಚ್ಚಿದಳು.

ದಮ್ಮಾಮಿಗೆ ಹೊರಟಿದ್ದ ಪರಿಚಯದವರೊಬ್ಬರ ಕೈಗೆ ಕ್ಯಾಸೆಟ್ ತಲುಪಿಸಬೇಕಿತ್ತು. ಹಾಗಾಗಿ ಮರುದಿನವೇ ಚಳ್ಳಕೆರೆಯ ಅಂಗಡಿಯಲ್ಲಿ ಕಾಪಿ ಮಾಡುವ ಕೆಲಸ. ಮಧ್ಯಾಹ್ನದ ಹೊತ್ತು ಷಟರು ಅರ್ಧ ಇಳಿಸಿ ನೂರ್ ಬೀ ಒಳಗೆ ಕುಳಿತಳು. ದಾದಾಪೀರ್ ಹೊರಗೆ ಸ್ಟೂಲು ಹಾಕಿಕೊಂಡು ರಸ್ತೆಯ ಕಡೆ ಮುಖ ಮಾಡಿ ಕೂತ. ಎಣ್ಣೆ ಮಿಲ್ಲಿನ ಕಡೆ ಕಡಲೆಕಾಯಿ ಲಾರಿಗಳು ಹೋಗುತ್ತಿದ್ದವು.

“ಏನ್ ದಾದಣ್ಣ, ಸ್ವಂತ ಅಂಗಡಿಗೆ ವಾಚ್‌ಮನ್ ಆದ್ಯಲ್ಲಪ್ಪ!” ಎಂದ ಪಕ್ಕದ ಟೀ ಅಂಗಡಿ ಯರ್ರಪ್ಪ.

“ಒಳಗೆ ಡೈರೆಕ್ಟರು ಕೆಲಸ ಮಾಡ್ತಾವ್ರೆ. ಸುಮ್ನೆ ಒಂದು ಟೀ ಕೊಡಲೇ,” ಎಂದ ದಾದಾಪೀರ್.

ಒಳಗೆ ಟೀವಿಯ ಮೇಲೆ ಜಲ್ವಾ ಬಂತು. ಬಣ್ಣದಲ್ಲಿ ನೂರ್ ಬೀ ಅದನ್ನು ನೋಡಿದ್ದು ಆಗಲೇ. ನೋಡಿದವಳು ಎರಡೂ ಕೈ ಬಾಯಿಗೆ ಒತ್ತಿಕೊಂಡಳು. ಶಾಲಿನ ಕೆಂಪು, ಸೀರೆಯ ಕೆಂಪು, ಅದರ ನಡುವೆ ಆ ಹುಡುಗಿಯ ಮುಖ, ಅದರದೇ ಗೋಧಿ ಬಣ್ಣದಲ್ಲಿ. ತಾನು ಮಾಡಿದ್ದೇ ಇದು ಎಂದು ನಂಬಿಕೆ ಬರಲಿಲ್ಲ. ಇಂಥದ್ದೊಂದು ಈ ಅಂಗಡಿಯಿಂದ ಹೊರಗೆ ಹೋಗಿರಲಿಲ್ಲ, ಅದು ಹೊರಗೆ ಕೂತವನಿಗೆ ಗೊತ್ತಾಗದೆ ಹೋಗುತ್ತದಲ್ಲ ಎನಿಸಿತು.

“ಏನ್ರೀ,” ಎಂದಳು ಷಟರಿನ ಕೆಳಗೆ ಬಗ್ಗಿ. “ಒಂದೇ ನಿಮಿಷ ಒಳಗೆ ಬಂದು ನೋಡ್ಹೋಗ್ರಿ. ದಾದಿಮಾ ಮೊಳಕಾಲ್ಮೂರಾಗೆ ಅವ್ರೆ. ಯಾರಿಗೆ ಗೊತ್ತಾಗ್ತೈತೆ?”

ದಾದಾಪೀರನ ಕತ್ತು ಅರ್ಧ ತಿರುಗಿತು. ಅವನಿಗೂ ಆಸೆ ಇತ್ತು, ಸುಳ್ಳು ಯಾಕೆ ಹೇಳಬೇಕು. ಆಮೇಲೆ ಮತ್ತೆ ರಸ್ತೆಯ ಕಡೆಗೇ ತಿರುಗಿಕೊಂಡ.

“ಮಾತು ಕೊಟ್ಟೀನಲ್ಲೇ ನೂರಾ. ನೀನು ಹೇಳು, ನಾನು ನೋಡ್ತೀನಿ. ಲೈಟು ಎಲ್ಲಿತ್ತು?”

“ದುಪ್ಪಟಿಗೆ ಹೊಡ್ದಿದ್ದೆ. ಎಡಗಡೆಗೆ, ಚೂರು ಮುಂದಕ್ಕೆ. ಮಖಕ್ಕೆ ಲೈಟೇ ಬಿಟ್ಟಿಲ್ಲ.”

“ಮಖಕ್ಕೆ ಬಿಟ್ಟಿಲ್ಲ…” ದಾದಾಪೀರ್ ಟೀ ಲೋಟ ಕೆಳಗಿಟ್ಟು ಕಣ್ಣು ಮುಚ್ಚಿದ. “ಹಂಗಾದ್ರೆ ಬಲಗೆನ್ನೆ ಮ್ಯಾಲೆ ನೆರಳಿರ್ಬೇಕು.”

“ಐತೆ. ತೆಳ್ಳಗೆ.”

“ಮೂಗಿನ ನೆರಳು ತುಟಿ ಮ್ಯಾಲೆ ಬಿದ್ದೈತಾ?”

“ಇಲ್ಲ. ಮೂಗುತಿ ಮಾತ್ರ ಹೊಳೀತೈತೆ.”

“ಮಖ ಬೆಳ್ಳಗೆ ಐತಾ?”

“ಇಲ್ಲ ರೀ. ಆ ಹುಡುಗಿ ಹೆಂಗೈತೋ ಹಂಗೈತೆ.”

ಲಾರಿಯೊಂದು ಹಾರನ್ ಹೊಡೆದು ಹೋದರೂ ದಾದಾಪೀರ್ ಕಣ್ಣು ತೆರೆಯಲಿಲ್ಲ. ಯರ್ರಪ್ಪ ಏನೋ ಕೇಳಲು ಬಂದವನು ಅವನ ಮುಖ ನೋಡಿ ವಾಪಸು ಹೋದ.

“ಕಣ್ಣಾಗೆ ಬೆಳಕಿನ ಚುಕ್ಕಿ ಬಂದೈತೇನೇ?”

ನೂರ್ ಬೀ ಟೀವಿಯ ಹತ್ತಿರ ಹೋಗಿ ಮೂಗು ತಾಗುವಂತೆ ನೋಡಿದಳು. “ಚುಕ್ಕಿ ಅಲ್ಲ ರೀ,” ಎಂದಳು. “ಚೌಕ. ಎರಡು ಕಣ್ಣಾಗೂ ಒಂದೊಂದು ಸಣ್ಣ ಬಿಳೀ ಚೌಕ. ಮೂಗಮ್ಮನ ದುಪ್ಪಟಿ!”

ದಾದಾಪೀರ್ ಕಣ್ಣು ಮುಚ್ಚಿಕೊಂಡೇ ತೊಡೆ ತಟ್ಟಿ ನಕ್ಕ. ನಗು ನಿಂತ ಮೇಲೂ ಅವನ ಮುಖ ರಸ್ತೆಯ ಕಡೆಗೇ ಇತ್ತು. ಹಾಗೇ ಕೂತು ಕೇಳಿದ:

“ಅಪ್ಪಗೆ ಸಲಾಂ ಹೇಳಿದ್ಲು ಅಂದ್ಯಲ್ಲ, ಅದು ಬಂತೇನೇ?”

“ಈಗ ಬಂದು ಹೋಯ್ತು.”

“ಇನ್ನೊಂದ್ಸಲ ಹಿಂದಕ್ಕೆ ಹಾಕು, ನೋಡಾನ,” ಎಂದು ಅವನು ಸ್ಟೂಲನ್ನು ಷಟರಿನ ಹತ್ತಿರಕ್ಕೆ ಎಳೆದುಕೊಂಡು, ಬೆನ್ನು ಆನಿಸಿ ಕೂತ.

ನೂರ್ ಬೀ ಕ್ಯಾಸೆಟ್ ಹಿಂದಕ್ಕೆ ತಿರುಗಿಸಿದಳು.